ಮೃತರಿಗಾಗಿ ಮನೆಯಲ್ಲೊಂದು ಎಡೆ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಮೆಕ್ಸಿಕೊ ದೇಶದ ಸಂತೆಗಳಲ್ಲಿ ಎಲ್ಲಿ ನೋಡಿದರೂ ಚೆಂಡು ಹೂವಿನ ರಾಶಿ. ಅದರ ಪಕ್ಕದಲ್ಲೇ ಸಕ್ಕರೆಯಿಂದ ಮಾಡಿದ ತಲೆಬುರುಡೆಗಳು, ಮೇಣದ ಬತ್ತಿ, ಬಣ್ಣದ ಕಾಗದದ ತೋರಣ, ಧೂಪ. ಕೊಳ್ಳುವವರಲ್ಲಿ ಮನೆಗೆ ನೆಂಟರು ಬರುವ ಮುನ್ನ ಇರುವಂಥ ಗಡಿಬಿಡಿ. ಆದರೆ ಬರಲಿರುವ ನೆಂಟರು ಬದುಕಿರುವವರಲ್ಲ. ನವೆಂಬರ್ 1 ಮತ್ತು 2ರಂದು ಮೃತರಾದ ಮನೆಯವರು ಮರಳಿ ಬಂದು ಹೋಗುತ್ತಾರೆ ಎಂಬುದು ಅಲ್ಲಿನವರ ನಂಬಿಕೆ. ಮೊದಲ ದಿನ ಸತ್ತ ಮಕ್ಕಳಿಗೆ, ಮರುದಿನ ದೊಡ್ಡವರಿಗೆ.

‘ದಿಯಾ ದೆ ಮುಯೆರ್ತೋಸ್’ ಅಂದರೆ ಮೃತರ ದಿನ ಎಂಬುದು ಈ ಹಬ್ಬದ ಹೆಸರು. ಬರುವವರಿಗಾಗಿ ಮನೆಯಲ್ಲಿ ಸಿದ್ಧಪಡಿಸುವ ಪೀಠಕ್ಕೆ ‘ಒಫ್ರೆಂದಾ’ ಎನ್ನುತ್ತಾರೆ. ಹಳೆ ಮೈಸೂರು ಸೀಮೆಯಲ್ಲಿ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪೀಠ ಕಟ್ಟುವ ಬಗೆ

ಒಂದು ಮೇಜಿನ ಮೇಲೆ ಪೆಟ್ಟಿಗೆಗಳನ್ನು ಜೋಡಿಸಿ ಎರಡು, ಮೂರು ಅಥವಾ ಏಳು ಮೆಟ್ಟಿಲು ಮಾಡಿ ಬಟ್ಟೆ ಹೊದಿಸುತ್ತಾರೆ. ಮೇಲಿನ ಮೆಟ್ಟಿಲಿನಲ್ಲಿ ಮೃತರ ಭಾವಚಿತ್ರ, ಜೊತೆಗೆ ಶಿಲುಬೆ ಅಥವಾ ಮೇರಿ ಮಾತೆಯ ಚಿತ್ರ. ಹಿಂದುಗಡೆ ಹೂವಿನ ಕಮಾನು. ದೂರದಿಂದ ಬಂದವರ ಬಾಯಾರಿಕೆಗೆ ಒಂದು ಲೋಟ ನೀರು, ಶುದ್ಧಿಗೆ ಉಪ್ಪು, ದಾರಿ ಕಾಣಲು ಮೇಣದ ಬತ್ತಿ. ‘ಕೋಪಾಲ್’ ಎಂಬ ಮರದ ಅಂಟಿನ ಧೂಪ ಹಾಕುತ್ತಾರೆ. ಬಾಗಿಲಿನಿಂದ ಪೀಠದವರೆಗೆ ಚೆಂಡು ಹೂವಿನ ದಳಗಳನ್ನು ಉದುರಿಸಿ ದಾರಿ ಮಾಡುತ್ತಾರೆ.

ಇನ್ನು ಊಟ. ಮೃತರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದೇ ಅಡುಗೆ. ಜೋಳದ ಹಿಟ್ಟನ್ನು ಸುತ್ತಿ ಬೇಯಿಸಿದ ತಮಾಲೆ, ಮೆಣಸಿನಕಾಯಿ ಅರೆದು ಮಾಡಿದ ‘ಮೋಲೆ’ ಸಾರು, ಹಣ್ಣು, ಈ ಹಬ್ಬಕ್ಕೆಂದೇ ಮೂಳೆಯ ಆಕಾರ ಮೂಡಿಸಿ ಸುಟ್ಟ ಸಿಹಿ ಬ್ರೆಡ್ಡು. ಕುಡಿಯುತ್ತಿದ್ದವರಿಗೆ ಮದ್ಯ, ಸೇದುತ್ತಿದ್ದವರಿಗೆ ಸಿಗರೇಟು, ಮಕ್ಕಳಿಗೆ ಆಟಿಕೆ. ನೆನೆಯುವವರೇ ಇಲ್ಲದ ಅನಾಥ ಆತ್ಮಕ್ಕೆಂದು ಕೆಲವು ಮನೆಗಳಲ್ಲಿ ಒಂದು ಬತ್ತಿಯನ್ನು ಬೇರೆಯಾಗಿಯೇ ಹಚ್ಚಿಡುತ್ತಾರೆ. ಬಂದವರು ಪರಿಮಳವನ್ನಷ್ಟೇ ಸ್ವೀಕರಿಸುತ್ತಾರೆ ಎಂಬ ನಂಬಿಕೆ ಇರುವುದರಿಂದ, ಕೊನೆಗೆ ಉಣ್ಣುವವರು ಮನೆಯವರು ಮತ್ತು ನೆರೆಹೊರೆಯವರೇ.

ಎರಡು ಸಂಪ್ರದಾಯಗಳ ಬೆಸುಗೆ

ಸ್ಪೇನಿನವರು 1521ರಲ್ಲಿ ಆಜ್ಟೆಕ್ ರಾಜಧಾನಿಯನ್ನು ಗೆದ್ದಾಗ ಅಲ್ಲಿ ಮೃತರಿಗಾಗಿಯೇ ಹಬ್ಬಗಳಿದ್ದವು. ಮಕ್ಕಳಿಗೆ ಚಿಕ್ಕ ಹಬ್ಬ, ದೊಡ್ಡವರಿಗೆ ದೊಡ್ಡ ಹಬ್ಬ. ಯುದ್ಧದಲ್ಲಿ ಮಡಿದವರು ಸೂರ್ಯನನ್ನು ಸೇರುತ್ತಾರೆ. ಸಾಮಾನ್ಯ ಸಾವು ಕಂಡವರು ‘ಮಿಕ್ಟ್ಲಾನ್’ ಎಂಬ ಪಾತಾಳಕ್ಕೆ ನಾಲ್ಕು ವರ್ಷ ನಡೆದು ಹೋಗುತ್ತಾರೆ ಎಂದು ಅವರು ನಂಬಿದ್ದರು. ಇತ್ತ ಕ್ಯಾಥೊಲಿಕ್ ಸಂಪ್ರದಾಯದಲ್ಲಿ ನವೆಂಬರ್ 1 ಸಕಲ ಸಂತರ ದಿನವಾದರೆ, ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ.

ಮೂಲನಿವಾಸಿಗಳು ಈ ಎರಡು ದಿನಗಳಲ್ಲಿ ಮೊದಲು ಮಕ್ಕಳಿಗೆ, ನಂತರ ದೊಡ್ಡವರಿಗೆ ಎಡೆ ಇಡುತ್ತಿದ್ದುದನ್ನು 16ನೇ ಶತಮಾನದಲ್ಲಿ ದಿಯೆಗೊ ದುರಾನ್ ಎಂಬ ಪಾದ್ರಿ ಗಮನಿಸಿದ. ಹಳೆಯ ಹಬ್ಬವೇ ಹೊಸ ವೇಷದಲ್ಲಿ ಮುಂದುವರಿದಿದೆಯೇನೋ ಎಂಬ ಅನುಮಾನವನ್ನು ಆತ ದಾಖಲಿಸಿದ್ದಾನೆ. ಆದರೆ ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಸಮಾಧಿಗೆ ಆಹಾರ ಒಯ್ಯುವುದು, ಸಿಹಿತಿಂಡಿ ಹಂಚುವುದು ಯುರೋಪಿನಿಂದಲೇ ಬಂದ ರೂಢಿ ಎಂದು ಕೆಲವರ ವಾದ. 1910ರ ಕ್ರಾಂತಿಯ ನಂತರ ಸರ್ಕಾರಗಳು ರಾಷ್ಟ್ರೀಯತೆಯ ಗುರುತಾಗಿ ಹಬ್ಬದ ದೇಶೀ ಮುಖವನ್ನು ಎತ್ತಿ ಹಿಡಿದವು ಎಂದು ಅವರು ಹೇಳುತ್ತಾರೆ.

ಹೂವಿನ ವಿಷಯದಲ್ಲಿ ಮಾತ್ರ ಇಂಥ ವಿವಾದವಿಲ್ಲ. ಚೆಂಡು ಹೂವಿನ ತವರು ಮೆಕ್ಸಿಕೊ. ‘ಇಪ್ಪತ್ತು ದಳದ ಹೂ’ ಎಂಬ ಅರ್ಥದ ಆಜ್ಟೆಕ್ ಮಾತಿನಿಂದ ಬಂದ ‘ಸೆಂಪಸೂಚಿಲ್’ ಎಂಬ ಹೆಸರೇ ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಯುರೋಪಿಯನ್ನರು ಅಮೆರಿಕ ಖಂಡವನ್ನು ತಲುಪಿದ ನಂತರವೇ ಈ ಗಿಡ ಭಾರತಕ್ಕೆ ಬಂದದ್ದು. ದಸರೆ, ದೀಪಾವಳಿಗೆ ನಮ್ಮ ಬಾಗಿಲಿಗೆ ಕಟ್ಟುವ ಹೂ ಮೆಕ್ಸಿಕೊದ ಎಡೆಯ ಹೂವೇ.

ಬೀದಿಗೆ ಬಂದ ಹಬ್ಬ

ಹಬ್ಬದ ಲಾಂಛನದಂತಿರುವ, ದೊಡ್ಡ ಟೋಪಿಯ ಹೆಣ್ಣು ಅಸ್ಥಿಪಂಜರ ‘ಕತ್ರಿನಾ’ ಹುಟ್ಟಿದ್ದು ವ್ಯಂಗ್ಯವಾಗಿ. ತಮ್ಮ ಮೂಲ ಮರೆತು ಯುರೋಪಿಯನ್ನರಂತೆ ಮೆರೆಯುವವರನ್ನು ಗೇಲಿ ಮಾಡಲು ಅಚ್ಚು ಕಲಾವಿದ ಹೊಸೆ ಗುವಾದಲೂಪೆ ಪೊಸಾದಾ (1852–1913) ಅದನ್ನು ಕೆತ್ತಿದ್ದ. 1940ರ ದಶಕದಲ್ಲಿ ದಿಯೆಗೊ ರಿವೆರಾ ತನ್ನ ಭಿತ್ತಿಚಿತ್ರದಲ್ಲಿ ಅದಕ್ಕೆ ಉಡುಪು ತೊಡಿಸಿ ಪ್ರಸಿದ್ಧಗೊಳಿಸಿದ. ಯುನೆಸ್ಕೊ 2008ರಲ್ಲಿ ಈ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಜಧಾನಿಯ ದೊಡ್ಡ ಮೆರವಣಿಗೆಯಂತೂ ತೀರಾ ಹೊಸದು. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ನಲ್ಲಿ ಅಂಥ ಮೆರವಣಿಗೆಯ ದೃಶ್ಯವಿತ್ತು, ಮರುವರ್ಷ ಅದು ನಿಜವಾಗಿಯೇ ಆರಂಭವಾಯಿತು.

ಮೆರವಣಿಗೆ ಪ್ರವಾಸಿಗರಿಗಾದರೆ ಮನೆಯ ಪೀಠ ಮನೆಯವರದ್ದು. 2020ರಲ್ಲಿ ಕೋವಿಡ್‌ನಿಂದಾಗಿ ಹಲವು ನಗರಗಳಲ್ಲಿ ಸ್ಮಶಾನಗಳನ್ನು ಮುಚ್ಚಿದಾಗ ಜನರಿಗೆ ಉಳಿದದ್ದು ಅದೊಂದೇ. ಆಸ್ಪತ್ರೆಯಲ್ಲಿ ತೀರಿಕೊಂಡವರ ಮುಖವನ್ನೂ ನೋಡಲಾಗದಿದ್ದ ಕುಟುಂಬಗಳು ಅದರ ಮುಂದೆಯೇ ಅವರಿಗೆ ವಿದಾಯ ಹೇಳಿದವು.

ಆದರೆ ಒಫ್ರೆಂದಾ ಇಡಲಾಗದ ಮನೆಗಳೂ ಅಲ್ಲಿ ಇವೆ. ಮಾದಕ ವಸ್ತು ಜಾಲಗಳ ಹಿಂಸಾಚಾರಕ್ಕೆ ಸಿಲುಕಿದ ಮೆಕ್ಸಿಕೊದಲ್ಲಿ ನಾಪತ್ತೆಯಾದವರ ಅಧಿಕೃತ ಸಂಖ್ಯೆ 2022ರಲ್ಲೇ ಒಂದು ಲಕ್ಷ ದಾಟಿತು. ಮಗ ಸತ್ತನೋ ಬದುಕಿರುವನೋ ತಿಳಿಯದ ತಾಯಿ ಏನು ಮಾಡಬೇಕು? ಪೀಠದ ಮೇಲೆ ಅವನ ಚಿತ್ರವಿಟ್ಟರೆ ಸಾವನ್ನು ಒಪ್ಪಿಕೊಂಡಂತೆ. ಆದ್ದರಿಂದ ಎಷ್ಟೋ ತಾಯಂದಿರು ಆ ಚಿತ್ರವನ್ನು ಅಲ್ಲಿ ಇಡುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು, ಮಗನನ್ನು ಹುಡುಕಿಕೊಡಿ ಎಂದು ಬೀದಿಗಿಳಿಯುತ್ತಾರೆ.