ಕೊನೆಯ ಮೈಲಿಯ ಹೊರೆ

ಸರಕು ಸಾಗಣೆಯ ವ್ಯವಹಾರದವರು ಈಚೆಗೆ ಪದೇ ಪದೇ ಬಳಸುವ ಮಾತೊಂದಿದೆ: 'ಕೊನೆಯ ಮೈಲಿ'. ಹೆಸರು ಹೊಸದಾದರೂ ತೊಡಕು ಬಹಳ ಹಳೆಯದು. ಮೂಟೆಯಾಗಿ ಹೋಗುವಾಗ ಸಾವಿರ ಕಾಗದಗಳಿಗೆ ಒಂದೇ ಬಂಡಿ ಸಾಕು. ಮೂಟೆ ಬಿಚ್ಚಿದ ಮೇಲೆ ಒಂದೊಂದು ಕಾಗದವೂ ಒಂದೊಂದು ಬಾಗಿಲನ್ನು ಹುಡುಕಿಕೊಂಡು ಹೋಗಬೇಕು. ಖರ್ಚು, ವಿಳಂಬ, ಜಗಳ ಎಲ್ಲ ಹುಟ್ಟುವುದು ಅಲ್ಲಿಯೇ.

ನಮ್ಮ ನಾಡಿಗೆ ಇದು ಅಪರಿಚಿತ ಸಂಗತಿಯಲ್ಲ. 17ನೇ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆಯನ್ನು ವ್ಯವಸ್ಥಿತವಾಗಿ ನೆಲೆಗೊಳಿಸಿದರು. ಕಾಲ್ನಡೆಯ ಹರಿಕಾರರು ಸರದಿಯ ಮೇಲೆ ಚೀಲ ಹೊತ್ತು ಓಡುತ್ತಿದ್ದರು. ಒಬ್ಬನ ಗಡಿ ಮುಗಿದಲ್ಲಿ ಇನ್ನೊಬ್ಬ ಕಾದಿರುತ್ತಿದ್ದ. ಅಂಚೆಯವರು ಕಾಗದ ಸಾಗಿಸಿದರಷ್ಟೇ ಸಾಲದು, ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸಬೇಕಿತ್ತು. ಬರೆಯುವವರೂ ಪಡೆಯುವವರೂ ಹೆಚ್ಚಾಗಿ ಸರ್ಕಾರದವರೇ ಆದ್ದರಿಂದ ಕೊನೆಯ ಮೈಲಿ ಕಚೇರಿಯ ಮೆಟ್ಟಿಲಲ್ಲಿ ಮುಗಿಯುತ್ತಿತ್ತು. ತೊಡಕು ಶುರುವಾದದ್ದು ಸಾಮಾನ್ಯ ಜನ ಕಾಗದ ಬರೆಯತೊಡಗಿದ ಮೇಲೆ.

ಬ್ರಿಟಿಷ್ ಅಂಚೆಯಲ್ಲಿ ಮೊದಲಿಗೆ ದೂರಕ್ಕೆ ತಕ್ಕಂತೆ ದರವಿತ್ತು. ಹಣವನ್ನು ಬಹುಪಾಲು ಪಡೆಯುವವನಿಂದಲೇ ವಸೂಲು ಮಾಡುತ್ತಿದ್ದರು. ಜನ ಜಾಣರು. ಲಕೋಟೆಯ ಮೇಲೆ ಮೊದಲೇ ಮಾತಾಡಿಕೊಂಡ ಗುರುತು ನೋಡಿ, ಕ್ಷೇಮಸಮಾಚಾರ ತಿಳಿದುಕೊಂಡು, "ನಮಗೆ ಬೇಡ" ಎಂದು ಹಿಂದಿರುಗಿಸಿಬಿಡುವುದೂ ಇತ್ತು. ಅಷ್ಟು ದೂರ ನಡೆದುಬಂದ ಪೇದೆಯ ಶ್ರಮ ವ್ಯರ್ಥ. 1854ರ ಅಕ್ಟೋಬರಿನಲ್ಲಿ ಅಖಿಲ ಭಾರತಕ್ಕೂ ಅಂಚೆಚೀಟಿ ಬಂದು, ದೂರವೆಷ್ಟಾದರೂ ಹಗುರ ಕಾಗದಕ್ಕೆ ಅರ್ಧ ಆಣೆ ಎಂದಾಯಿತು. ಹೊರೆ ಕಳಿಸುವವನ ಮೇಲೆ ಬಿತ್ತು. 1864ರಲ್ಲಿ ರೈಲು ಬೆಂಗಳೂರು ದಂಡಿಗೆ ಬಂದಾಗ ನಡುವಿನ ದಾರಿಯೂ ಕಿರಿದಾಯಿತು. ಆದರೆ ರೈಲು ಹಳ್ಳಿಗೆ ಹೋಗಲಿಲ್ಲ. ಅಲ್ಲಿಗೆ ಹೋದದ್ದು ಕಾಲುಗಳೇ. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾಯಿತು. ಕೇರಳದ ಅಂಚಲ್ ಮಾತ್ರ 1951ರವರೆಗೂ ತನ್ನ ಪಾಡಿಗೆ ತಾನು ನಡೆಯಿತು. ಉತ್ತರ ಕರ್ನಾಟಕದವರು ಟಪಾಲು ಎನ್ನುತ್ತಿದ್ದುದನ್ನು ಈಗ ನಾವೆಲ್ಲ ಅಂಚೆ ಎನ್ನುತ್ತೇವೆ. ಸಂಸ್ಥೆ ಹೋದರೂ ಹೆಸರು ಉಳಿಯಿತು.

ಎರಡನೆಯ ತೊಡಕು ವಿಳಾಸದ್ದು. ನಮ್ಮವರ ವಿಳಾಸದಲ್ಲಿ ಗೌರವವಾಚಕಗಳೇ ಅರ್ಧ, ಉಳಿದರ್ಧ 'ಆಂಜನೇಯ ಗುಡಿ ಹಿಂಭಾಗ'. ಇಂಥದ್ದನ್ನು ಓದಿ ಮನೆ ಕಂಡುಹಿಡಿಯುತ್ತಿದ್ದುದು ಪೋಸ್ಟ್‌ಮನ್‌ನ ನೆನಪಿನ ಶಕ್ತಿಯೇ ಹೊರತು ಇಲಾಖೆಯ ನಿಯಮಾವಳಿಯಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್, ಸಂಸ್ಕೃತ ಕವಿಯೂ ಆಗಿದ್ದ ಅಂಚೆ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರರ ಕೊಡುಗೆ. ಅದರ ಆರು ಅಂಕಿ ಕಾಗದವನ್ನು ಅಂಚೆ ಕಚೇರಿಯವರೆಗೆ ತರುತ್ತವೆ, ಮನೆಯವರೆಗಲ್ಲ. 2025ರಲ್ಲಿ ಇಲಾಖೆ ಹೊರತಂದ ಡಿಜಿಪಿನ್ ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿದೆ. ಹತ್ತಂತಸ್ತಿನ ಕಟ್ಟಡದಲ್ಲಿ ಎಷ್ಟನೇ ಮಹಡಿ ಎಂಬುದನ್ನು ಮಾತ್ರ ಅದೂ ಹೇಳಲಾರದು.

ಹಣ ವಸೂಲಿಯದು ಇನ್ನೊಂದು ಕಥೆ. 1877ರಲ್ಲಿ ಶುರುವಾದ ವಿ.ಪಿ.ಪಿ.ಯಲ್ಲಿ ಪೋಸ್ಟ್‌ಮನ್‌ಗೆ ದುಡ್ಡು ಕೊಟ್ಟರೆ ಪೊಟ್ಟಣ ಕೈಗೆ ಬರುತ್ತಿತ್ತು. ಪುಸ್ತಕದಂಗಡಿ ಇಲ್ಲದ ಊರುಗಳ ಕನ್ನಡ ಓದುಗರನ್ನು ಸಾಕಿದ್ದು ಇದೇ. ತರಿಸಿಕೊಂಡವರು ಮನಸ್ಸು ಬದಲಿಸಿದರೆ ಹೋಗಿಬರುವ ಖರ್ಚು ಪ್ರಕಾಶಕನ ತಲೆಗೆ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ 'ಸರಕು ಕೈಸೇರಿದ ಮೇಲೆ ಹಣ' ಎಂದು ಪ್ರಸಿದ್ಧವಾದಾಗ ಹೊಸ ಪೀಳಿಗೆಗೆ ಅದು ಅದ್ಭುತ ಆವಿಷ್ಕಾರದಂತೆ ಕಂಡಿತು! ವಾಪಸಾದ ಪೊಟ್ಟಣಗಳ ತಲೆನೋವೂ ಜೊತೆಗೇ ಬಂತು.

ಇಷ್ಟೆಲ್ಲದರ ನಡುವೆ ನಡೆಯುವವನ ಸ್ಥಿತಿ ಏನು? ಪ್ರತಿ ಹಳ್ಳಿಗೂ ಪೂರ್ಣಾವಧಿ ನೌಕರನನ್ನು ನೇಮಿಸುವುದು ದುಬಾರಿ ಎಂದು ಇಲಾಖೆ 'ಇಲಾಖೇತರ' ಎಂಬ ವರ್ಗವನ್ನು ಮಾಡಿಕೊಂಡಿತು. ದಿನಕ್ಕೆ ಕೆಲವು ಗಂಟೆಗಳ ಕೆಲಸ, ಸಂಬಳವಲ್ಲದ ಭತ್ಯೆ, ಹೊಟ್ಟೆಪಾಡಿಗೆ ಬೇರೆ ಆದಾಯವಿರಬೇಕೆಂಬ ಷರತ್ತು. ಇವರೂ ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಬೇಕಾಯಿತು. ಮುಂದೆ 'ಗ್ರಾಮೀಣ ಡಾಕ್ ಸೇವಕ' ಎಂಬ ಹೆಸರು ಬಂತು. ಖಾಯಂ ನೌಕರರಿಗೆ ಸಮನಾದ ಸ್ಥಾನ ಬರಲಿಲ್ಲ. ಅಗ್ಗದ ಅಂಚೆ ಸಾಧ್ಯವಾದದ್ದಕ್ಕೆ ಅರ್ಧ ಆಣೆಯ ಚೀಟಿಯಷ್ಟೇ ಇವರ ಅರೆಹೊಟ್ಟೆಯ ದುಡಿಮೆಯೂ ಕಾರಣ ಎಂದರೆ ಉತ್ಪ್ರೇಕ್ಷೆಯಾಗದು.

ನಗರದ ಬೀದಿಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಸ್ಕೂಟರಿನಲ್ಲಿ ಧಾವಿಸುವ ಯುವಕರಿಗೆ ಕಂಪನಿಗಳು 'ಪಾಲುದಾರ' ಎಂಬ ಬಿರುದು ಕೊಟ್ಟಿವೆ. ಪೆಟ್ರೋಲು ಅವರದು, ವಾಹನ ಅವರದು, ಬಿದ್ದರೆ ಪೆಟ್ಟೂ ಅವರದೇ. ಕರ್ನಾಟಕ ಸರ್ಕಾರ 2025ರಲ್ಲಿ ಇಂಥ ದುಡಿಮೆಗಾರರಿಗಾಗಿ ಕಾಯಿದೆ ಮಾಡಿ, ಕಲ್ಯಾಣ ಮಂಡಳಿಗೂ ಕಂಪನಿಗಳಿಂದ ಶುಲ್ಕ ಪಡೆಯುವುದಕ್ಕೂ ಅವಕಾಶ ಕಲ್ಪಿಸಿದೆ. ಅವರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಆ ಶುಲ್ಕ ವಿಧಿಸಬಹುದು. ಕಂಪನಿ ಅದನ್ನು ತನ್ನ ಲಾಭದಿಂದ ಕೊಡುತ್ತದೆಯೋ, ಬಾಗಿಲು ತೆರೆಯುವ ಗಿರಾಕಿಯ ಬಿಲ್ಲಿಗೆ ಸೇರಿಸುತ್ತದೆಯೋ ಎಂಬುದು ಲೆಕ್ಕಪತ್ರದಲ್ಲಿ ತೀರ್ಮಾನವಾಗಬೇಕು.