ಆಟ ಎಲ್ಲರದು, ಕಥೆ ಯಾರದು?

ಜರ್ಮನಿಯ ಕೆಲವು ಯುವಕರು ವರ್ಷಗಟ್ಟಲೆ ದುಡಿದು ‘ಡ್ಯಾಮ್ನಾಟಸ್’ ಎಂಬ ಪೂರ್ಣಪ್ರಮಾಣದ ಚಲನಚಿತ್ರವೊಂದನ್ನು ತಯಾರಿಸಿದರು. ಲಾಭದ ಆಸೆಯಿರಲಿಲ್ಲ, ಉಚಿತವಾಗಿ ಹಂಚುವುದೇ ಉದ್ದೇಶ. ಆದರೂ ಚಿತ್ರ ಬಿಡುಗಡೆಯಾಗಲಿಲ್ಲ. 2007ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಅದಕ್ಕೆ ಅನುಮತಿ ನಿರಾಕರಿಸಿತು. ಚಿತ್ರದ ಕಥೆ ನಡೆಯುವ ಲೋಕ ಆ ಕಂಪನಿಯ ‘ವಾರ್‌ಹ್ಯಾಮರ್ 40,000’ ಎಂಬ ಆಟಕ್ಕೆ ಸೇರಿದ್ದು ಎಂಬುದೇ ಇದಕ್ಕೆ ಕಾರಣ.

1987ರಲ್ಲಿ ಹುಟ್ಟಿದ ಇದು ಮೇಜಿನ ಮೇಲೆ ಆಡುವ ಆಟ. ಬಣ್ಣ ಬಳಿದ ಪುಟ್ಟ ಸೈನಿಕರ ಬೊಂಬೆಗಳು, ಅಳತೆಪಟ್ಟಿ, ದಾಳ – ಇವಿಷ್ಟಿದ್ದರೆ ಯುದ್ಧ ಆರಂಭ. ಆದರೆ ಚದುರಂಗದ ಆನೆ, ಕುದುರೆಗಳಂತೆ ಈ ಬೊಂಬೆಗಳು ಅನಾಮಿಕವಲ್ಲ. ಪ್ರತಿ ದಳಕ್ಕೂ ಹೆಸರುಂಟು, ಲಾಂಛನವುಂಟು, ತಲೆಮಾರುಗಳ ಹಗೆಯುಂಟು. ಒಂದು ಪುರಾಣವೇ ಇದೆ ಎನ್ನಬಹುದು. ಆಟಗಾರ ತನ್ನದೇ ಸೈನ್ಯಕ್ಕೆ ತನ್ನದೇ ಚರಿತ್ರೆ ಕಟ್ಟಿಕೊಳ್ಳುವುದು ಆಟದ ಸೊಗಸಿನ ಭಾಗ. ಹಾಗೆ ಕಟ್ಟಿದ ಕಥೆ ಮೇಜಿನಿಂದಿಳಿದು ಪರದೆಯ ಕಡೆಗೆ ನಡೆದಾಗ ತಕರಾರು ಏಳುತ್ತದೆ.

ಆಟ ಆಡುವ ವಿಧಾನಕ್ಕೆ ಕೃತಿಸ್ವಾಮ್ಯವಿಲ್ಲ. ಅದನ್ನು ವಿವರಿಸುವ ಬರವಣಿಗೆ, ಅದಕ್ಕೆ ಹೊಂದಿಸಿದ ಕಥೆ, ಚಿತ್ರಗಳಿಗೆ ಉಂಟು. ಅಮೆರಿಕದ ಸುಪ್ರೀಂ ಕೋರ್ಟ್ 1879ರಷ್ಟು ಹಿಂದೆಯೇ, ಲೆಕ್ಕ ಬರೆಯುವ ಪದ್ಧತಿಯೊಂದರ ವ್ಯಾಜ್ಯದಲ್ಲಿ ಇಂಥ ಭೇದವನ್ನು ಗುರುತಿಸಿತ್ತು. ಡ್ಯಾಮ್ನಾಟಸ್ ಎಡವಿದ್ದು ಇನ್ನೂ ಸೂಕ್ಷ್ಮವಾದ ಒಂದು ಕಲ್ಲಿಗೆ. ತನ್ನ ಲೋಕವನ್ನು ಬಳಸಿದ ಚಿತ್ರದ ಹಕ್ಕು ಕೊನೆಗೆ ತನ್ನಲ್ಲೇ ಉಳಿಯಬೇಕೆಂಬುದು ಕಂಪನಿಯ ನಿಲುವು. ಇಂಗ್ಲೆಂಡಿನಲ್ಲಿ ಕೃತಿಸ್ವಾಮ್ಯವನ್ನು ಮನೆ, ಜಮೀನಿನಂತೆ ಇನ್ನೊಬ್ಬರ ಹೆಸರಿಗೆ ಬರೆದುಕೊಡಬಹುದು. ಜರ್ಮನಿಯಲ್ಲಿ ಅದು ವಾರಸುದಾರರಿಗೆ ಹೋಗಬಲ್ಲದೇ ಹೊರತು ಬದುಕಿರುವ ಕರ್ತೃ ಅದನ್ನು ಪರಭಾರೆ ಮಾಡಲಾರ. ಬಳಸುವ ಹಕ್ಕನ್ನಷ್ಟೇ ಕೊಡಬಲ್ಲ. ಕರ್ತೃವಿನ ರಕ್ಷಣೆಗೆಂದು ಮಾಡಿದ ಕಾನೂನೇ ಆ ಕರ್ತೃಗಳ ಚಿತ್ರವನ್ನು ಡಬ್ಬಿಯಲ್ಲಿ ಕೂರಿಸಿತು!

2021ರ ಜುಲೈನಲ್ಲಿ ಪ್ರಕಟವಾದ ಕಂಪನಿಯ ನಿಯಮಗಳಲ್ಲಂತೂ ಮುಚ್ಚುಮರೆ ಇರಲಿಲ್ಲ: ಅಭಿಮಾನಿಗಳು ತನ್ನ ಪಾತ್ರ, ಪ್ರಪಂಚಗಳನ್ನಿಟ್ಟುಕೊಂಡು ಚಲನಚಿತ್ರ, ಆ್ಯನಿಮೇಷನ್ ಮಾಡಕೂಡದು. ಮರುತಿಂಗಳೇ ಚಂದಾದಾರರಿಗಾಗಿ ಕಂಪನಿಯದೇ ಆ್ಯನಿಮೇಷನ್ ಸೇವೆ ಆರಂಭವಾಯಿತು. ಇದನ್ನು ಕಾಕತಾಳೀಯವೆಂದು ನಂಬಲು ಬಹಳ ಸಾಧುಸ್ವಭಾವ ಬೇಕು. ‘ಅಸ್ಟಾರ್ಟಿಸ್’ ಎಂಬ ಕಿರುಚಿತ್ರಮಾಲೆಯಿಂದ ಹೆಸರಾಗಿದ್ದ ಅಭಿಮಾನಿ ಕಲಾವಿದನನ್ನು ಕಂಪನಿ ಅದೇ ವರ್ಷ ತನ್ನ ಕೆಲಸಕ್ಕೇ ಸೇರಿಸಿಕೊಂಡಿತು. ಉಳಿದ ಕೆಲವರು ತಮ್ಮ ಮಾಲಿಕೆಗಳನ್ನು ತಾವೇ ನಿಲ್ಲಿಸಿದರು.

ಇದೇ ಕುಲದ ಇನ್ನೊಂದು ಆಟ, ಅಮೆರಿಕದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’, ಹಿಡಿದ ದಾರಿ ಬೇರೆ. 1974ರಲ್ಲಿ ಬಂದ ಈ ಆಟವೇ ಮೊದಲಿಗೆ ಟೋಲ್ಕಿನ್ ಕಥೆಗಳ ‘ಹಾಬಿಟ್’ ಎಂಬ ಕುಳ್ಳರನ್ನು ಎರವಲು ತಂದಿತ್ತು. ಹಕ್ಕುದಾರರು ಆಕ್ಷೇಪಿಸಿದ ಮೇಲೆ ಅವರು ‘ಹಾಫ್‌ಲಿಂಗ್’ ಆದರು. 2000ದಲ್ಲಿ ಆಟದ ಆಗಿನ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಮುಕ್ತ ಪರವಾನಗಿಯೊಂದನ್ನು ತಂದಿತು. ಮೂಲ ನಿಯಮಗಳ ಪಠ್ಯವನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಕಂಪನಿಯ ವಿಶೇಷ ಪಾತ್ರಗಳು, ಲೋಕಗಳು ಮಾತ್ರ ಅದರೊಳಗಿಲ್ಲ. ಈ ಔದಾರ್ಯದ ಮೇಲೆ ಎಷ್ಟೋ ಸಣ್ಣ ಪ್ರಕಾಶಕರು ಬದುಕು ಕಟ್ಟಿಕೊಂಡರು. 2023ರ ಜನವರಿಯಲ್ಲಿ ಹೊಸ ಪರವಾನಗಿಯ ಕರಡು ಸೋರಿಕೆಯಾದಾಗ ಅವರ ಎದೆ ನಡುಗಿತು. ಅದರ ಪ್ರಕಾರ ಅನುಮತಿ ಅಚ್ಚಾದ ಪುಸ್ತಕಕ್ಕೆ ಮತ್ತು ಪುಸ್ತಕದಂತೆಯೇ ಓದುವ ವಿದ್ಯುನ್ಮಾನ ಪ್ರತಿಗಳಿಗೆ ಮಾತ್ರ. ವಿಡಿಯೊ ಮುಂತಾದವು ಹೊರಗೆ. ಪ್ರತಿಭಟನೆ ಎಷ್ಟು ಜೋರಾಗಿತ್ತೆಂದರೆ, ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು ಮೂಲ ನಿಯಮಗಳ ಪಠ್ಯವನ್ನು ಮರಳಿ ಪಡೆಯಲಾಗದ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಬಿಟ್ಟುಕೊಟ್ಟಿತು.

ಬಿಟ್ಟುಕೊಟ್ಟದ್ದು ನಿಯಮಗಳನ್ನು; ಹೆಸರುಗಳನ್ನೆಲ್ಲ ಅಲ್ಲ. ಕಂಠದಾನ ಕಲಾವಿದರ ತಂಡವೊಂದು ತಾವು ಈ ಆಟವಾಡುವುದನ್ನೇ 2015ರಿಂದ ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ಪ್ರಸಾರ ಮಾಡುತ್ತಿತ್ತು. ಆ ಕಥೆ ಆ್ಯನಿಮೇಷನ್ ಆಗಲೆಂದು 2019ರಲ್ಲಿ ಅಭಿಮಾನಿಗಳು 1.1 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. 2022ರಲ್ಲಿ ಮಾಲಿಕೆ ಬಂತು. ಮೇಜಿನ ಸುತ್ತ ಕುಳಿತಾಗ ‘ವೆಕ್ನಾ’ ಎಂದು ಸಲೀಸಾಗಿ ಕರೆಯುತ್ತಿದ್ದ ಖಳನಿಗೆ ಪರದೆಯ ಮೇಲೆ ಆ ಹೆಸರಿಲ್ಲ. ಅಲ್ಲಿ ಅವನು ‘ಪಿಸುಮಾತಿನಲ್ಲಿ ಹೆಸರಿಸಬೇಕಾದವನು’ ಅಷ್ಟೆ.