ಅಜ್ಜನ ಹರಿಗೋಲು, ತಮ್ಮನ ಫೈಬರ್ ದೋಣಿ

ಕಡೂರಿನ ಹೆಂಗಸು ದೋಣಿ ಬಗ್ಗೆ ಬರೀತೀನಿ ಅಂದ್ರೆ ನೀವೆಲ್ಲ ನಗ್ತೀರಿ, ಗೊತ್ತು. ನಮ್ಮ ಕಡೆ ಬೋರ್‌ವೆಲ್ ನೀರಿಗೇ ಗೋಳು, ಇವಳಿಗೆ ದೋಣಿ ಎಲ್ಲಿಂದ ಬಂತು ಅಂತೀರಿ. ನಾನು ಮದುವೆಯಾಗಿ ಬಂದದ್ದು ಕಡೂರಿಗೆ, ಹುಟ್ಟಿ ಬೆಳೆದದ್ದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಸೀಮೇಲಿ. ಹೋದ ವರ್ಷ ಯುಗಾದಿಗೆ ತವರಿಗೆ ಹೋದಾಗ, ಅಡಿಕೆ ಒಣಗಿಸೋ ಕಣದಲ್ಲಿ ಒಂದು ದೋಣಿ ಕೂತಿತ್ತು. 18 ಅಡಿ ಉದ್ದ, ಮೇಲೆ ಹೊಸ ನೀಲಿ ಬಣ್ಣ. ಅದರಲ್ಲಿ ನನ್ನ ನಾಲ್ಕು ಬಳೆ ಇದ್ವು. ಅಂದ್ರೆ ಬಳೆ ಬ್ಯಾಂಕಿನಲ್ಲಿ ಅಡ ಇದ್ವು, ಅದರ ದುಡ್ಡು ದೋಣಿಯಲ್ಲಿತ್ತು.

ನನ್ನ ತಮ್ಮ ಒಂದು ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ. ಬಲೆ, ಮೀನಿನ ಮೇವು ಸಾಗಿಸೋಕೆ ಅಂತ ಕರಾವಳಿ ಕಡೆಯಿಂದ ಹಳೇ ಫೈಬರ್ ದೋಣಿ ತಂದ. ಮೊದಲನೇ ದಿನವೇ ಒಂದು ಗಂಟೇಲಿ ಕಣಕಾಲು ಮುಳುಗೋವಷ್ಟು ನೀರು ಒಳಗೆ ಬಂತಂತೆ. ಎಂಜಿನ್ ಶುರು ಮಾಡಿದ್ರೆ ಹಿಂದಿನ ಹಲಗೆ ಸಡಿಲ ಹಲ್ಲಿನ ಹಾಗೆ ಅಲ್ಲಾಡ್ತಿತ್ತಂತೆ. “ಸಣ್ಣ ತೂತು ಅಕ್ಕ, ಎಂ-ಸೀಲ್ ಮೆತ್ತಿ ಇನ್ನೊಂದು ಕೈ ಪೇಂಟ್ ಹೊಡೆದ್ರೆ ಆಯ್ತು” ಅಂದ. ಅವನ ಮಗ ಪಿಯುಸಿ ಮುಗಿಸಿ ಅಪ್ಪನ ಜೊತೆ ಕೆರೆಗೆ ಹೋಗ್ತೀನಿ ಅಂತ ಕುಣೀತಿದ್ದ. ಆ ಹುಡುಗನಿಗೆ ಈಜು ಬರಲ್ಲ. ನನಗೆ ಬಳೆ ಚಿಂತೆ ಆ ಕ್ಷಣಕ್ಕೆ ಹೋಯ್ತು, ಈ ಚಿಂತೆ ಹತ್ತಿಕೊಂಡ್ತು.

ಜಗಲಿ ಮೇಲೆ ಅವರೆಕಾಳು ಹಸನು ಮಾಡ್ತಾ ಕೂತಿದ್ದ ನಮ್ಮವ್ವ ತಲೆ ಎತ್ತದೇ ಅಂದಳು: “ನಿಮ್ಮಜ್ಜ ಇದ್ದಿದ್ರೆ ಮೊದಲು ಒಳಗಿನ ಬಿದಿರು ನೋಡ್ತಿದ್ದ, ಆಮೇಲೆ ಮೇಲಿನ ತೊಗಲು.”

ಅವ್ವ ಹೇಳಿದ್ದು ಅವಳಪ್ಪನ ಮಾತು. ಆ ಅಜ್ಜ ಭದ್ರಾ ಹೊಳೇಲಿ ಹರಿಗೋಲು ಹಾಕ್ತಿದ್ದ. ಲಕ್ಕವಳ್ಳಿ ಅಣೆಕಟ್ಟಿನ ಕೆಲಸ ಶುರುವಾಗಿದ್ದು 1947ರಲ್ಲಿ, ಮುಗಿದದ್ದು 1960ರ ದಶಕದಲ್ಲಿ. ಅದಕ್ಕೂ ಮುಂಚೆ ಮಳೆಗಾಲದಲ್ಲಿ ಆಚೆ ದಡದ ಸಂತೆಗೆ, ಬಸುರಿ ಬಾಣಂತೀರನ್ನ ಕರೆದೊಯ್ಯೋದಕ್ಕೆ ಹರಿಗೋಲೇ ಗತಿ. ಈಗ ಪ್ರತಿ ಮಳೆಗಾಲ ಟಿವೀಲಿ “ಭದ್ರಾ 186 ಅಡಿ ತುಂಬ್ತಾ” ಅಂತ ಕಾಯ್ತೀವಲ್ಲ, ಆ ನೀರಿನ ಕೆಳಗೆ ಹಳೇ ಹೊಳೆ ದಾರಿ ಎಷ್ಟೋ ಮುಳುಗಿ ಹೋಗಿದೆ. ಸೇತುವೆ ಬಂದ್ವು, ಬಸ್ಸು ಬಂತು, ಅಜ್ಜನ ಹರಿಗೋಲು ಕೊಟ್ಟಿಗೆ ಸೇರ್ತು. ನಾನು ನೋಡೋ ಹೊತ್ತಿಗೆ ಅದನ್ನ ಬೋರಲು ಹಾಕಿ ಅಜ್ಜಿ ಕಾವು ಕೂತ ಕೋಳಿಗೆ ಮನೆ ಮಾಡಿದ್ದಳು.

ಹರಿಗೋಲು ಅಂದ್ರೆ ದೊಡ್ಡ ಬುಟ್ಟಿ ಅಷ್ಟೇ. ಬಿದಿರು ಸೀಳಿ ಹೆಣೆದು, ಅಂಚಿಗೆ ದಪ್ಪ ಕಟ್ಟು ಕಟ್ಟಿ, ಹೊರಗಡೆ ದನದ ತೊಗಲು ಬಿಗಿಯೋದು. ಇದೇನು ನಿನ್ನೆ ಮೊನ್ನೆಯದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿ ಹತ್ರ ಜನ ಬುಟ್ಟಿಯಂಥ ದುಂಡು ದೋಣೀಲಿ ತುಂಗಭದ್ರೆ ದಾಟೋದನ್ನ ನೋಡಿ ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ 15-20 ಜನ ಕೂರ್ತಿದ್ರಂತೆ, ಬೇಕಾದ್ರೆ ಕುದುರೆ, ಎತ್ತನ್ನೂ ಹತ್ತಿಸ್ತಿದ್ರಂತೆ. ನೆಟ್ಟಗೆ ಹೋಗದೆ ತಿರುಗುತ್ತಾ ಹೋಗ್ತಾವೆ ಅಂತಲೂ ಬರೆದಿದ್ದಾನೆ. ಹರಿಗೋಲಲ್ಲಿ ಕೂತವರಿಗೆ ಅದು ಗೊತ್ತೇ ಇದೆ!

ಅಜ್ಜಂಪುರದ ನೆಂಟರಿಗೆ ಇನ್ನೊಂದು ಮಾತು ಹೇಳ್ಬೇಕು. ನಿಮ್ಮೂರ ಅಮೃತ ಮಹಲ್ ದನ ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯ ದನ, ‘ಅಮೃತ ಮಹಲ್’ ಅಂತ ಹೆಸರಿಟ್ಟದ್ದು ಟಿಪ್ಪು. ಟಿಪ್ಪು ಮಡಿದ ಮೇಲೆ ಆ ಎತ್ತುಗಳು ಇಂಗ್ಲಿಷರ ಕೈಗೆ ಹೋದ್ವು, ಅವರ ತೋಪು ಎಳೆದ್ವು. 1803ರಲ್ಲಿ ಮರಾಠರ ಮೇಲೆ ಹೋದ ಆರ್ಥರ್ ವೆಲ್ಲೆಸ್ಲಿ ಈ ಎತ್ತುಗಳನ್ನ ಬಹಳ ನೆಚ್ಚಿಕೊಂಡಿದ್ದ. ಅದೇ ಮಳೆಗಾಲದಲ್ಲಿ ಗೋದಾವರಿ ತುಂಬಿ ಹರೀತಿದ್ದಾಗ ಅವನ ಸೈನ್ಯ ದಾಟಿದ್ದು ತೊಗಲು ಹೊದಿಸಿದ ಬುಟ್ಟಿ ದೋಣಿಗಳಲ್ಲಿ. ಅಷ್ಟು ದೊಡ್ಡ ದಂಡಿಗೂ ಹೊಳೆ ದಾಟೋಕೆ ನಮ್ಮಜ್ಜನ ಬುಟ್ಟಿಯೇ ಆಗಬೇಕಾಯ್ತು.

ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು. ಈಗಲೂ ಮೀನು ಹಿಡಿಯೋರ ಹರಿಗೋಲು ಬಹಳ ಹಾಗೇ ಇರ್ತಾವೆ. ಆಮೇಲೆ ಫೈಬರ್. ಈ ಫೈಬರ್ ಅನ್ನೋದು ಏನು ಅಂತ ನಾನೂ ಈ ದೋಣಿ ದೆಸೆಯಿಂದಲೇ ತಿಳಕೊಂಡಿದ್ದು. ಗಾಜನ್ನ ಕರಗಿಸಿ ಕೂದಲಿಗಿಂತ ಸಣ್ಣ ಎಳೆ ತೆಗೀತಾರೆ. ಆ ಎಳೆಯ ಹಾಸನ್ನ ರೆಸಿನ್ ಅನ್ನೋ ಅಂಟಲ್ಲಿ ನೆನೆಸಿ, ಪದರದ ಮೇಲೆ ಪದರ ಹಾಕಿದ್ರೆ ಕಲ್ಲಿನ ಹಾಗೆ ಗಟ್ಟಿಯಾಗ್ತದೆ. ಎರಡನೇ ಮಹಾಯುದ್ಧದ ಕಾಲಕ್ಕೆ, 1942ರ ಸುಮಾರಿಗೆ, ಅಮೆರಿಕದ ಓಹಿಯೋದಲ್ಲಿ ರೇ ಗ್ರೀನ್ ಅನ್ನೋರು ಇದರಲ್ಲಿ ದೋಣಿ ಮಾಡಿದ್ರು. ಗಾಜಿಗೆ ಗೆದ್ದಲು ಹತ್ತಲ್ಲ, ಅದು ಕೊಳೆಯಲ್ಲ. ಹಾಗಾಗಿ ಇಂಥ ದೋಣಿಗೆ ಸಾವಿಲ್ಲ ಅಂತ ಜನ ನಂಬಿದ್ರು. ನನ್ನ ತಮ್ಮನೂ ನಂಬಿದ್ದ.

ಮಂಗಳೂರು ಕಡೆಯ ಒಬ್ಬ ಹಿರಿಯ ಕೆಲಸಗಾರರನ್ನ ಕರೆಸಿದ್ವಿ. ಬಂದವರು ಬಣ್ಣದ ಕಡೆ ನೋಡಲೇ ಇಲ್ಲ. ಸಣ್ಣ ಸುತ್ತಿಗೆ ಹಿಡಿದು ದೋಣಿ ಸುತ್ತ ಕುಟ್ಟುತ್ತಾ ಹೋದ್ರು. ನಾವು ಸಂತೇಲಿ ಮಡಕೆ ಬಡಿದು ನೋಡ್ತೀವಲ್ಲ, ಥೇಟ್ ಹಾಗೇ. ಚೆನ್ನಾಗಿರೋ ಕಡೆ ‘ಟಣ್’, ಪದರ ಬಿಟ್ಟುಕೊಂಡ ಕಡೆ ‘ಡಬ್’. ‘ಡಬ್’ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದ್ರು. ಮುಗಿಯೋ ಹೊತ್ತಿಗೆ ದೋಣಿ ತುಂಬ ರಂಗೋಲಿ. “ಬಣ್ಣ ನೋಡಿ ತಕೊಂಡದ್ದಾ ಮಾರಾಯ್ರೇ?” ಅಂದ್ರು. ತಮ್ಮ ನೆಲ ನೋಡಿದ.

ಕೊಯ್ಯೋ ಮುಂಚೆ ಅವರು ಮಾಡಿಸಿದ ಕೆಲಸ ನನಗೆ ಬಹಳ ಹಿಡಿಸ್ತು. ದೋಣಿಯ ಹೊಟ್ಟೆ ಕೆಳಗೆ ಉದ್ದಕ್ಕೂ ಹಳೇ ಟೈರು, ಮರಳು ಚೀಲ ಕೊಟ್ಟು, ಎಲ್ಲೂ ಜೋತು ಬೀಳದ ಹಾಗೆ ಕೂರಿಸಿದ್ರು. “ಒಳಗಿನ ಕಟ್ಟು ತೆಗೆದ ಮೇಲೆ ಹೊಟ್ಟೆ ಸಡಿಲ ಆಗ್ತದೆ ಅಮ್ಮ. ಡೊಂಕಾಗಿ ಕೂತರೆ ಡೊಂಕಾಗಿಯೇ ಗಟ್ಟಿ ಆಗ್ತದೆ, ಮತ್ತೆ ಸರಿ ಮಾಡ್ಲಿಕ್ಕೆ ಬರುದಿಲ್ಲ” ಅಂದ್ರು.

ನೆಲ ಕೊಯ್ದು ತೆಗೆದ್ರೆ ನಾತ! ಗಾಜು ಕೊಳೆತಿರಲಿಲ್ಲ, ನಿಜ. ಆದ್ರೆ ನೆಲದ ಕೆಳಗೆ ದೋಣಿಗೆ ಬೆನ್ನುಮೂಳೆ ಥರ ಉದ್ದಕ್ಕೆ ಮರದ ತೊಲೆ ಇರ್ತಾವೆ, ಹಿಂದೆ ಎಂಜಿನ್ ಹೊರೋ ಹಲಗೆ ಒಳಗೆ ಪ್ಲೈವುಡ್ ಇರ್ತದೆ. ಯಾರೋ ಯಾವಾಗಲೋ ಸ್ಕ್ರೂ ಹೊಡೆದು ತೂತು ಮುಚ್ಚದೇ ಬಿಟ್ಟಿದ್ರು. ಅಲ್ಲಿಂದ ನೀರು ಹನಿಹನಿಯಾಗಿ ಇಳಿದು, ಮರ ಕರ್ರಗಾಗಿ ನೆನೆಸಿದ ಹಿಂಡಿ ಥರ ಕೈಗೆ ಬಂತು. ಮೇಲೆ ಗಾಜಿನ ಚಿಪ್ಪು, ಒಳಗೆ ಬರೀ ಹಿಟ್ಟು. ತೊಗಲಿನ ಹರಿಗೋಲು ಹರಿದ್ರೆ ಎಲ್ಲರ ಕಣ್ಣಿಗೆ ಬೀಳ್ತಿತ್ತು. ಇದು ಹೊರಗೆ ನಗ್ತಾ ಒಳಗೆ ಸಾಯ್ತದೆ. ಅಂಥ ಸಂಸಾರಗಳೂ ನಮಗೆ ಗೊತ್ತು, ಬಿಡಿ.

ಕೊಳೆತದ್ದೆಲ್ಲ ಕೆರೆದು ತೆಗೆದು ಮೂರು ವಾರ ಬಿಸಿಲಿಗೆ ಬಿಟ್ವಿ. ಸಂಜೆ ಮಳೆ ಬಂದ್ರೆ ಟಾರ್ಪಾಲು ಹೊದಿಸೋ ಕೆಲಸ ಅವ್ವನದು. ತೇವ ಇದ್ದ ಮೇಲೆ ಅಂಟು ಹಿಡಿಯಲ್ಲ. ಆಮೇಲೆ ಒಡೆದ ಜಾಗದ ಸುತ್ತ ಇಳಿಜಾರಾಗಿ ಉಜ್ಜಿದ್ರು. ದಪ್ಪ ಕಾಲು ಅಂಗುಲ ಇದ್ರೆ ಸುತ್ತ 3 ಅಂಗುಲ, ಅಂದ್ರೆ ದಪ್ಪದ 12 ಪಟ್ಟು. ತೂತಿಗೆ ಬರೀ ಬಿರಡೆ ಇಟ್ರೆ ನೀರು ಅದನ್ನ ತಳ್ಳಿಬಿಡ್ತದಂತೆ, ಇಳಿಜಾರಲ್ಲಿ ಪದರ ಹಾಕಿದ್ರೆ ಹಳೇದು ಹೊಸದು ಒಂದಾಗ್ತದಂತೆ. ಉಜ್ಜುವಾಗ ಏಳೋ ಧೂಳು ಗಾಜಿನ ಧೂಳು. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೇ ಯಾರನ್ನೂ ಹತ್ರ ಬಿಡಲಿಲ್ಲ. ದನಗಳನ್ನ ಹಿಂದಿನ ತೋಟಕ್ಕೆ ಕಟ್ಟಿದ್ವಿ.

ಹೊಸ ತೊಲೆ, ಹೊಸ ಪ್ಲೈವುಡ್ ಎಲ್ಲಕ್ಕೂ ಮೊದಲು ರೆಸಿನ್ ಕುಡಿಸಿ, ಒಂದು ತೂತೂ ಬಿಡದ ಹಾಗೆ ಮುಚ್ಚಿದ್ರು. ಮೂಲೆಗಳಿಗೆ ಪುಟ್ಟಿ ಮೆತ್ತಿ ದುಂಡಗೆ ಮಾಡಿದ್ರು. ಮೂಲೆ ಚೂಪಾಗಿದ್ರೆ ಗಾಜಿನ ಹಾಸು ಕೂರಲ್ಲ, ಕೆಳಗೆ ಗಾಳಿ ಉಳೀತದೆ. ಆಮೇಲೆ ಹಾಸು, ರೆಸಿನ್, ಹಾಸು, ರೆಸಿನ್. ಪ್ರತಿ ಪದರಕ್ಕೂ ರೋಲರ್ ಒತ್ತಿ ಗುಳ್ಳೆ ಓಡಿಸೋದು. ಗುಳ್ಳೆ ಉಳಿದ್ರೆ ನಾಳೆ ಅಲ್ಲೇ ಪದರ ಬಿಡ್ತದೆ.

ರೆಸಿನ್‌ಗೆ ಹಾರ್ಡ್‌ನರ್ ಬೆರೆಸೋ ಕೆಲಸ ನಾನು ವಹಿಸಿಕೊಂಡೆ. ನೂರು ಗ್ರಾಂಗೆ ಒಂದರಿಂದ ಎರಡು ಗ್ರಾಂ ಅಷ್ಟೇ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದ್ಕೊಂಡು ಒಂದ್ಸಲ ಅಂದಾಜಲ್ಲಿ ಸುರಿದೆ. ಐದು ನಿಮಿಷಕ್ಕೆ ಮಗ್ ಕೈಲಿ ಹಿಡಿಯೋಕಾಗದಷ್ಟು ಬಿಸಿಯಾಗಿ ಹೊಗೆ ಬಂತು, ಅಂಟೆಲ್ಲ ಒಳಗೇ ಕಲ್ಲಾಯ್ತು. ಅವತ್ತಿಂದ ತಕ್ಕಡಿ ಬಿಟ್ಟು ಕೈ ಆಡಿಸಿಲ್ಲ. ಕೋಬಾಲ್ಟ್ ಅನ್ನೋ ಇನ್ನೊಂದು ದ್ರವವೂ ಬರ್ತದೆ. ಅದನ್ನ ಮೊದಲೇ ರೆಸಿನ್‌ಗೆ ಬೆರೆಸಿಡಬೇಕು. ಅದೂ ಹಾರ್ಡ್‌ನರೂ ಯಾವತ್ತೂ ನೇರವಾಗಿ ಒಂದಕ್ಕೊಂದು ಸೇರಬಾರದು, ಸಿಡಿದು ಬೆಂಕಿ ಹತ್ತೋ ಅಪಾಯ. ಎರಡನ್ನೂ ಬೇರೆ ಬೇರೆ ಕೋಣೇಲಿ ಇಡಿಸಿದ್ರು.

ಕೆಲಸ ಎಳೀತಾ ಹೋದಾಗ ತಮ್ಮ ಬೇಸತ್ತು “ಸಾಕಕ್ಕ, ನೀರಿಗೆ ಬಿಡಾಣ” ಅಂದ. ಆಗ ಅವನಿಗೆ ತಾರಿಣಿ ಕಥೆ ಹೇಳಿದೆ. ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು, ವರ್ತಿಕಾ ಜೋಶಿ ಮುಂದಾಳತ್ವದಲ್ಲಿ, 2017ರ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಹೊರಟು ಹಾಯಿದೋಣೀಲಿ ಭೂಮಿ ಸುತ್ತಿ 2018ರ ಮೇ 21ಕ್ಕೆ ವಾಪಸ್ ಬಂದ್ರಲ್ಲ, ಆ ‘ತಾರಿಣಿ’ ದೋಣಿಯೂ ಗೋವಾದಲ್ಲೇ ಮರ ಮತ್ತು ಇದೇ ಫೈಬರ್ ಗಾಜು ಸೇರಿಸಿ ಕಟ್ಟಿದ್ದು. ಮನೆ ಮುಟ್ಟೋಕೆ ಇನ್ನೇನು ಸ್ವಲ್ಪ ದಾರಿ ಇರುವಾಗ ಚುಕ್ಕಾಣಿ ಕೆಟ್ಟಿತು. ಅವರು ಹೇಗೋ ಹೋಗ್ಬಿಡಾಣ ಅನ್ನಲಿಲ್ಲ, ಮಾರಿಷಸ್‌ನಲ್ಲಿ ನಿಲ್ಲಿಸಿ ರಿಪೇರಿ ಮಾಡಿಸಿಕೊಂಡೇ ಹೊರಟ್ರು. ಸಮುದ್ರ ಗೆದ್ದವರಿಗೇ ಅಷ್ಟು ತಾಳ್ಮೆ ಇದ್ರೆ, ಕೆರೆ ಗುತ್ತಿಗೆಯವನಿಗೆ ಏನವಸರ?

ಮಳೆ ಹಿಡಿಯೋ ಮುಂಚೆ ಕೆಲಸ ಮುಗೀತು. ಬಣ್ಣ ಹೊಡೆದದ್ದು ಎಲ್ಲಕ್ಕಿಂತ ಕೊನೆಗೆ. ಮೊದಲ ದಿನ ಮನುಷ್ಯರನ್ನ ಹತ್ತಿಸಲಿಲ್ಲ. ನಾಲ್ಕು ಜನರ ತೂಕದ ಮರಳು ಚೀಲ ಹೇರಿ, ಕೆರೆ ಅಂಚಿಗೆ ಹಗ್ಗ ಕಟ್ಟಿ ಬೆಳಗಿಂದ ಸಂಜೆವರೆಗೆ ಬಿಟ್ವಿ. ಸಂಜೆ ನೋಡಿದ್ರೆ ಒಳಗೆ ನೆಲ ಒಣಗಿತ್ತು. ಮಾರನೇ ದಿನ ಅಪ್ಪ ಮಗ ಇಬ್ಬರೂ ಲೈಫ್ ಜಾಕೆಟ್ ಹಾಕ್ಕೊಂಡು ಹತ್ತಿದ್ರು. ಹುಡುಗನಿಗೆ ಈಜು ಕಲಿಸೋದು ನನ್ನ ಎರಡನೇ ಷರತ್ತು, ಕಲೀತಿದ್ದಾನೆ.

ಅಜ್ಜ ತನ್ನ ಹರಿಗೋಲನ್ನ ಬಿದಿರು, ಕತ್ತಿ ಹಿಡಿದು ತಾನೇ ಸರಿ ಮಾಡ್ಕೊಳ್ತಿದ್ದ. ನಾವು ಇನ್ನೊಂದು ಜಿಲ್ಲೆಯಿಂದ ಜನ ಕರೆಸಬೇಕಾಯ್ತು. ಈಗ ತಮ್ಮನಿಗೂ ಅವನ ಮಗನಿಗೂ ಅರ್ಧ ಕೆಲಸ ಗೊತ್ತು. ವರ್ಷಕ್ಕೊಂದು ಸಲ, ಯುಗಾದಿ ಮುಗಿದ ಮೇಲೆ, ದೋಣಿ ದಡಕ್ಕೆ ತಂದು ಒಣಗಿಸಿ ಸುತ್ತಿಗೆ ಬಡಿದು ನೋಡೋದು ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.

ಎರಡು ಬಳೆ ಬಿಡಿಸಿಕೊಂಡು ಬಂದು ಕೊಟ್ಟಿದ್ದಾನೆ, ಇನ್ನೆರಡು ಬ್ಯಾಂಕಲ್ಲೇ ಇವೆ. ದೋಣಿ ನೀರಿಗಿಳಿಸಿದ ದಿನ ಅವ್ವ ಕೋಲು ಊರಿಕೊಂಡು ಕೆರೆ ಏರಿಗೆ ಬಂದಿದ್ದಳು. ಬಣ್ಣ ಚೆನ್ನಾಗಿದೆ ಅಂತ ಎಲ್ಲರೂ ಅಂತಿದ್ರೆ ಅವಳು ಹತ್ರ ಹೋಗಿ ಬೆರಳ ಗೆಣ್ಣಲ್ಲಿ ಮೂರು ಸಲ ಬಡಿದಳು. ಕಿವಿ ಕೊಟ್ಟು ಕೇಳಿದಳು.

“ಹ್ಞೂಂ, ಈಗ ಹೋಗ್ರಪ್ಪ” ಅಂದಳು.